ಎಡಜೇಬಿನ ಚೆಂಡು

ವಾಂಡಾ ಬೆರೆಂಡ್ಸ್‌ಗೆ ಮೂಗಿನ ತುದಿಯಲ್ಲಿ ಕೋಪ ಎಂದು ಪೀಕಿನ್ ಊರಿನ ಜನ ಹೇಳುವುದುಂಟು. ಶುದ್ಧ ಸುಳ್ಳು. ತುದಿಯಲ್ಲಿದ್ದಿದ್ದರೆ ಆಗೊಮ್ಮೆ ಈಗೊಮ್ಮೆ ಜಾರಿಯಾದರೂ ಬೀಳುತ್ತಿತ್ತು. ಏಪ್ರಿಲ್ ಬಂತೆಂದರೆ ಅವಳಿಗೆ ಕೋಪವೇ ಮೂಗು, ಅದರಲ್ಲೇ ಉಸಿರಾಟ. ಬೇಸ್‌ಬಾಲ್ ಶುರುವಾಗುವುದು ಆಗಲೇ ತಾನೇ.

ಪೀಕಿನ್ನಿನ ಹಣೆಬರಹವೇ ಹಾಗೆ. ಮೇಲಕ್ಕೆ ಹೋದರೆ ಶಿಕಾಗೊ, ಕೆಳಕ್ಕೆ ಹೋದರೆ ಸೇಂಟ್ ಲೂಯಿ, ನಡುವೆ ಹೊಳೆದಂಡೆಯಲ್ಲಿ ಸಿಕ್ಕಿಕೊಂಡ ಊರು. ಅರ್ಧ ಊರು ಶಿಕಾಗೊದ ಕಬ್ಸ್ ತಂಡಕ್ಕೆ, ಇನ್ನರ್ಧ ಸೇಂಟ್ ಲೂಯಿಯ ಕಾರ್ಡಿನಲ್ಸ್‌ಗೆ. ಒಂದೇ ಚರ್ಚಿನಲ್ಲಿ ಮದುವೆಯಾಗುತ್ತಾರೆ, ಒಂದೇ ಸ್ಮಶಾನಕ್ಕೆ ಹೋಗುತ್ತಾರೆ, ಆದರೆ ಡಾರ್ಲೀನಳ ಡೋನಟ್ ಅಂಗಡಿಯಲ್ಲಿ ಮಾತ್ರ ನೀಲಿ ಟೋಪಿಯವರು ಕಿಟಕಿ ಪಕ್ಕ, ಕೆಂಪು ಟೋಪಿಯವರು ಗೋಡೆ ಪಕ್ಕ. ನಡುವಿನ ದಾರಿಯಲ್ಲಿ ಡಾರ್ಲೀನ್ ಕಾಫಿ ಜಗ್ ಹಿಡಿದುಕೊಂಡು ಓಡಾಡುತ್ತಾಳೆ. ಅವಳು ಯಾವ ಕಡೆ ಎಂದು ಕೇಳಿದವರಿಗೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ. ವ್ಯಾಪಾರ ನೋಡಿ.

ಆ ವರ್ಷದ ಏಪ್ರಿಲ್ ಅಂತೂ ಕೇಳಲೇಬೇಡಿ. ಕಬ್ಸ್ ಆಡಿದ ಹನ್ನೆರಡರಲ್ಲಿ ಒಂಬತ್ತು ಸೋತು ಮಕಾಡೆ ಮಲಗಿತ್ತು. ವಾಂಡಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದಳೋ ಇಲ್ಲವೋ, ಗೋಡೆ ಪಕ್ಕದಿಂದ ಹಾರ್ಲನ್ ಯಾನ್ಸೆನ್ ಶುರುಹಚ್ಚಿಕೊಂಡ.

"ಬಾರೇ ತಾಯಿ, ಬಾ. ಏಪ್ರಿಲ್ ಇನ್ನೂ ಅರ್ಧಕ್ಕೆ ಬಂದಿಲ್ಲ, ನಿಮ್ಮ ತಿಥಿ ಊಟಾನೇ ಮುಗೀತಲ್ಲ!"

"ಏಪ್ರಿಲ್ ಲೆಕ್ಕಕ್ಕಿಲ್ಲ ಕಣೋ," ಎಂದಳು ವಾಂಡಾ, ಕೋಟು ಕೂಡ ಬಿಚ್ಚದೆ. "ನೂರ ಅರವತ್ತೆರಡು ಆಟ ಇದೆ. ಕೈ ಮರಗಟ್ಟೋ ಚಳೀಲಿ ಆಡಿದ್ದನ್ನ ಆಟ ಅಂತಾರೇನೋ?"

"ಓಹೋ! ಏಪ್ರಿಲ್‌ನಲ್ಲಿ ಸೋತಿದ್ದು ಸೆಪ್ಟೆಂಬರ್‌ಗೆ ಗೆದ್ದಂಗೆ ಆಗತ್ತೇನೇ? ಸೋತಿದ್ದು ಸೋತಿದ್ದೇ."

"ಮತ್ತೆ ನಿಮ್ದು? ಎಂಟು ಗೆದ್ರಂತೆ, ಎಂಟು! ಯಾರ ಮೇಲೆ? ಹೋದ ವರ್ಷ ಕೊನೇಲಿದ್ದವರ ಮೇಲೆ. ಸತ್ತ ಹಾವಿಗೆ ಹೊಡೆದು ಮೀಸೆ ತಿರುವ್ಬೇಡ."

ಕಿಟಕಿ ಪಕ್ಕ ನಕ್ಕರು, ಗೋಡೆ ಪಕ್ಕ ಉಗಿದರು. ಇದು ದಿನದ ಪಾಠ. ಎಣ್ಣೆ ಸೀಗೆಕಾಯಿ ಎನ್ನುತ್ತಾರಲ್ಲ, ಅದಕ್ಕಿಂತ ಒಂದು ಕೈ ಮೇಲೆ ಇವರಿಬ್ಬರು. ಹಾಗೆಂದು ದ್ವೇಷವೇ? ರಾಮ ರಾಮ! ಎದುರುಬದುರು ಮನೆ. ಹಾರ್ಲನ್‌ಗೆ ಮಾರ್ಚಿನಲ್ಲಿ ಸೊಂಟದ ಕೀಲು ಬದಲಾಯಿಸಿದಾಗ ಅವನ ಮನೆಯ ಮುಂದಿನ ಹಿಮ ಗೋರಿದ್ದು ವಾಂಡಾ, ದಿನಾ ಈ ಅಂಗಡಿಗೆ ತನ್ನ ಟ್ರಕ್ಕಿನಲ್ಲಿ ಕರೆತರುತ್ತಿದ್ದದ್ದೂ ವಾಂಡಾ. ಗೋರುತ್ತಾ ಬೈಯುತ್ತಿದ್ದಳು, ಕರೆತರುತ್ತಾ ಬೈಯುತ್ತಿದ್ದಳು, ಅಷ್ಟೇ. ಆ ದಿನ ಮಾತ್ರ ಅವನು ಬೇರೆಯವರ ಕಾರಿನಲ್ಲಿ ಮುಂಚೆಯೇ ಬಂದು ಕೂತಿದ್ದ. ಮೊಮ್ಮಗನ ಮೇಲಿನ ಮಾತಿಗೆ ಹಿಂದಿನ ದಿನವೇ ಜಗಳ ಹತ್ತಿತ್ತು.

ಮೊಮ್ಮಗ ಎಂದರೆ ಟ್ಯಾನರ್. ಹಾರ್ಲನ್ನೇ ಬೆಳೆಸಿದ ಹುಡುಗ. ಆ ಮನೆಯ ಗ್ಯಾರೇಜಿನ ಗೋಡೆಗೆ ಚೆಂಡು ಎಸೆದೂ ಎಸೆದೂ ಗೋಡೆಯ ಬಣ್ಣವೇ ಹೋಗಿತ್ತು. ಆ ಧಡ್ ಧಡ್ ಸದ್ದು ಕೇಳಿ ಕೇಳಿ ವಾಂಡಾಳ ತಲೆ ಚಿಟ್ಟು ಹಿಡಿಯುತ್ತಿತ್ತು. ಅವಳು ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಟ್ಯಾನರ್ ಎಂಟು ವರ್ಷ ಅವಳ ಸೀಟಿನ ಹಿಂದೆಯೇ ಕೂತು ಅವಳ ಕಬ್ಸ್ ಟೋಪಿಯನ್ನು ಹಿಂದಿನಿಂದ ಎಗರಿಸಿದವನು. ಈಗ ಇಪ್ಪತ್ತೆರಡರ ಆ ಹುಡುಗನನ್ನು ಕಾರ್ಡಿನಲ್ಸ್ ಸೀಸನ್ನಿನ ಮೊದಲ ವಾರವೇ ಕರೆಸಿಕೊಂಡಿತ್ತು. ಕರೆಸಿಕೊಂಡಿತು ಸರಿ, ಹುಡುಗನಿಗೆ ಬ್ಯಾಟು ತಾಗುತ್ತಿರಲಿಲ್ಲ. ಎರಡೇ ಎರಡು ಸಣ್ಣ ಹಿಟ್. ಇನ್ನೊಂದು ವಾರ ಹೀಗೇ ಆದರೆ ಕೆಳದರ್ಜೆಯ ತಂಡಕ್ಕೆ ವಾಪಸ್ ಅಟ್ಟುತ್ತಾರೆ ಎಂದು ರೇಡಿಯೋದವರು ಬಾಯಿಬಿಟ್ಟೇ ಹೇಳುತ್ತಿದ್ದರು.

"ನಿನ್ನ ಟ್ಯಾನರ್ ಏನ್ ಕಡಿದು ಕಟ್ಟೆ ಹಾಕಿದಾನೆ ಅಂತ ಹಾರಾಡ್ತೀಯ?" ಎಂದಳು ವಾಂಡಾ. "ಗಾಳಿಗೆ ಬೀಸ್ತಿದಾನೆ. ಸೊಳ್ಳೆ ಓಡಿಸೋಕೆ ಅಷ್ಟು ದೊಡ್ಡ ಬ್ಯಾಟ್ ಬೇಕಾ?"

ಹಾರ್ಲನ್‌ನ ಮುಖ ಅವನ ಟೋಪಿಯ ಬಣ್ಣಕ್ಕೆ ತಿರುಗಿತು. "ಶನಿವಾರ ಬರತ್ತಲ್ಲ, ನಿಮ್ಮ ಮೈದಾನದಲ್ಲೇ ಹೊಡೀತಾನೆ. ನೀನು ಕೂತಿರ್ತೀಯಲ್ಲ ಆ ಬೆಂಚಿಗೇ ಹೊಡೀತಾನೆ. ಅವನ ಮೊದಲ್ನೇ ಹೋಮ್ ರನ್. ಆಗೇನ್ಮಾಡ್ತೀಯ?"

"ಇದೇನು ಕೇಳೋ ಮಾತಾ? ವಾಪಸ್ ಎಸೀತೀನಿ."

ಶಿಕಾಗೊದ ರಿಗ್ಲಿ ಮೈದಾನದಲ್ಲಿ ಹೊರಗೋಡೆಯ ಹಿಂದಿನ ಬೆಂಚುಗಳಲ್ಲಿ ಕೂರುವವರಿಗೆ ಒಂದು ಧರ್ಮವಿದೆ. ಎದುರು ತಂಡದವನು ಹೋಮ್ ರನ್ ಹೊಡೆದು ಗೋಡೆಯಾಚೆಗೆ ದಾಟಿಸಿದ ಚೆಂಡು ಯಾರ ಕೈಗೆ ಸಿಕ್ಕಿದರೂ ಅದನ್ನು ಮೈದಾನದೊಳಕ್ಕೆ ವಾಪಸ್ ಎಸೆಯಬೇಕು. ಶತ್ರುವಿನ ಚೆಂಡು ನಮ್ಮ ಮನೆಗೆ ಬೇಡ ಎಂದು. ಎಸೆಯದವನ ಮೇಲೆ ಸುತ್ತಲಿನವರು ಬಿಯರ್ ಸುರಿಯುತ್ತಾರೆ, ಅಪ್ಪ ಅಮ್ಮನನ್ನೆಲ್ಲ ಎತ್ತಾಡುತ್ತಾರೆ. ಅದಕ್ಕೇ ಕೆಲವು ಕಿಲಾಡಿಗಳು ಜೇಬಿನಲ್ಲಿ ಒಂದು ಡೂಪ್ಲಿಕೇಟ್ ಚೆಂಡು ಇಟ್ಟುಕೊಂಡೇ ಹೋಗುವುದು. ಅಸಲಿಯನ್ನು ಒಳಗಿಟ್ಟು ನಕಲಿಯನ್ನು ಎಸೆದು ಚಪ್ಪಾಳೆ ಗಿಟ್ಟಿಸುತ್ತಾರೆ.

ಅಂಥವರನ್ನು ಕಂಡರೆ ವಾಂಡಾಳಿಗೆ ಮೈಯೆಲ್ಲ ಉರಿ. ಮಾಜಿ ಸೈನಿಕರ ಸಂಘದವರು ಪ್ರತಿ ಏಪ್ರಿಲ್‌ನಲ್ಲಿ ಊರಿನವರನ್ನು ಬಸ್ಸಿನಲ್ಲಿ ಶಿಕಾಗೊಗೆ ಕರೆದೊಯ್ಯುತ್ತಾರೆ, ಆ ಬಸ್ಸು ಓಡಿಸುವುದು ಅವಳೇ. ಒಂದು ವರ್ಷ ಡಾರ್ಲೀನಳ ಅಣ್ಣ ಲೈಲ್ ಕಾರ್ಡಿನಲ್ಸ್ ಚೆಂಡೊಂದನ್ನು ಹಿಡಿದು, ಡೂಪ್ಲಿಕೇಟ್ ಎಸೆದು, ಮರಳುವಾಗ ಬಸ್ಸಿನಲ್ಲಿ ಅಸಲಿಯನ್ನು ತೆಗೆದು ಎಲ್ಲರಿಗೂ ತೋರಿಸಿ ನಕ್ಕಿದ್ದ. ವಾಂಡಾ ಪಾಂಟಿಯಾಕ್ ಊರಿನ ಪೆಟ್ರೋಲ್ ಬಂಕಿನಲ್ಲಿ ಬಸ್ಸು ನಿಲ್ಲಿಸಿ, "ಇಳಿ ಕೆಳಗೆ, ಕಳ್ಳ ನನ್ನ ಮಗನೆ" ಎಂದು ಅವನನ್ನು ಇಳಿಸಿ ಬಂದಿದ್ದಳು. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಇಳಿಸಿ ಬಂದಳು. ಅಲ್ಲಿಂದ ಲೈಲ್ ಆ ಬಸ್ಸು ಹತ್ತಿಲ್ಲ. ಕಿಟಕಿ ಪಕ್ಕದ ಮೂಲೆಯಲ್ಲಿ ಒಬ್ಬನೇ ಕೂತು ಕಾಫಿ ಕುಡಿದು ಹೋಗುತ್ತಾನೆ. ಊರಿಗೆ ಊರೇ ಅವನನ್ನು "ಡೂಪ್ಲಿಕೇಟ್ ಲೈಲ್" ಎನ್ನುತ್ತದೆ.

"ನನ್ನ ಟ್ಯಾನರ್‌ದು ಕಣೇ," ಎಂದ ಹಾರ್ಲನ್, ಸ್ವಲ್ಪ ಮೆಲ್ಲಗೆ. "ಮೊದಲ್ನೇದು. ಅದು ಎರಡ್ನೇ ಸಲ ಬರಲ್ಲ. ನಾನು ಬಸ್ ಹತ್ತೋ ಹಂಗಿದ್ರೆ ನಾನೇ ಬರ್ತಿದ್ದೆ. ಡಾಕ್ಟ್ರು ಬಿಡ್ತಿಲ್ಲ."

ಕೇಳಿಕೊಳ್ಳುತ್ತಿದ್ದಾನೆ ಎಂದು ವಾಂಡಾಳಿಗೆ ಗೊತ್ತಾಯಿತು. ಗೊತ್ತಾದದ್ದೇ ತಪ್ಪಾಯಿತು. ಕಿಟಕಿ ಪಕ್ಕದವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಲೈಲ್ ಕೂಡ ಕಾಫಿ ಕೆಳಗಿಟ್ಟು ನೋಡುತ್ತಿದ್ದ.

"ದೇವರೇ ಬಂದು ಹೊಡೆದ್ರೂ ವಾಪಸ್ ಎಸೀತೀನಿ," ಎಂದಳು.

ಹಾರ್ಲನ್ ಊರುಗೋಲನ್ನು ನೆಲಕ್ಕೆ ಕುಟ್ಟಿ ಎದ್ದ. "ಎಸಿ. ಎಸೆದ ಮೇಲೆ ನನ್ನ ಮನೆ ಮೆಟ್ಲು ಹತ್ತಬೇಡ. ನನ್ನ ಹೆಣಕ್ಕೂ ಬರಬೇಡ."

"ಯಾವನಿಗೆ ಬೇಕಾಗಿದೆ ನಿನ್ನ ಮೆಟ್ಲು!" ಎಂದು ವಾಂಡಾ ಕೂಗಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಶನಿವಾರ ಬಸ್ಸು ತುಂಬಿತ್ತು. ರಿಗ್ಲಿಯ ಇಟ್ಟಿಗೆ ಗೋಡೆಯ ಮೇಲಿನ ಬಳ್ಳಿ ಇನ್ನೂ ಚಿಗುರಿರಲಿಲ್ಲ, ಬರೀ ಕಡ್ಡಿ. ಸರೋವರದ ಕಡೆಯಿಂದ ಬೀಸುವ ಗಾಳಿ ಕಿವಿ ಕತ್ತರಿಸುತ್ತಿತ್ತು. ವಾಂಡಾ ಯಾವಾಗಿನಂತೆ ಬೇಗ ಹೋಗಿ ಎಡಮೂಲೆಯ ಮೊದಲ ಸಾಲಿನ ಬೆಂಚು ಹಿಡಿದಳು. ಸುತ್ತ ಪೀಕಿನ್ನಿನ ನೀಲಿ ಟೋಪಿಯವರೇ. ಕೆಳಗೆ ಕಾರ್ಡಿನಲ್ಸ್‌ನವರು ಅಭ್ಯಾಸ ಮಾಡುತ್ತಿದ್ದರು. ಗೋಡೆಯ ಬಳಿ ನಿಂತಿದ್ದ ಅವರ ಚೆಂಡೆಸೆಗಾರನೊಬ್ಬನಿಗೆ ಅವಳು ಮಂಗಳಾರತಿ ಶುರುಮಾಡಿದಳು. ಅವನ ಹೊಟ್ಟೆ, ಅವನ ಗಡ್ಡ, ಹೋದ ವಾರ ಅವನು ತಿಂದ ಹೊಡೆತ, ಯಾವುದನ್ನೂ ಬಿಡಲಿಲ್ಲ. ಅವನು ಕೇಳುವಷ್ಟು ಕೇಳಿ, ಬಿದ್ದು ಬಿದ್ದು ನಕ್ಕು, "ತಗೊಳ್ಳಜ್ಜಿ, ಗಂಟ್ಲು ಒಣಗಿರ್ಬೇಕು" ಎಂದು ಅಭ್ಯಾಸದ ಚೆಂಡೊಂದನ್ನು ಅವಳ ಕಡೆ ತೂರಿದ. ಅಭ್ಯಾಸದ ಚೆಂಡಿಗೆ ಧರ್ಮ ಅನ್ವಯಿಸುವುದಿಲ್ಲ. ಮನೆಯಲ್ಲಿ ನಾಯಿಗಾದರೂ ಆಗುತ್ತದೆಂದು ಅವಳು ಅದನ್ನು ಕೋಟಿನ ಬಲಜೇಬಿಗೆ ತುರುಕಿದಳು.

ಆಟ ಶುರುವಾಯಿತು. ಏನು ಆಟ ಮಾರಾಯ್ರೇ ಅದು! ಕಬ್ಸ್ ಕೈಗೆ ಬಂದ ಚೆಂಡನ್ನು ಬಿಡುವುದೇನು, ಬೇಸಿನ ಮೇಲೆ ನಿಂತವನು ನಿದ್ದೆ ಹೊಡೆದು ಔಟಾಗುವುದೇನು. "ಸಂಬಳ ಕೊಟ್ಟು ಕಳಿಸಿರೋ ಇವರನ್ನ!" ಎಂದು ವಾಂಡಾ ಕಿರುಚಿ ಕಿರುಚಿ ಅವಳ ಸ್ವರ ಅರ್ಧ ದಾರಿಯಲ್ಲೇ ಒಡೆಯಿತು. ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿ ಒಳಗಿನಿಂದ ಹೊರಕ್ಕೆ ಬೀಸತೊಡಗಿತು. ಆರನೇ ಇನ್ನಿಂಗ್ಸಿನಲ್ಲಿ ಟ್ಯಾನರ್ ಯಾನ್ಸೆನ್ ಬ್ಯಾಟು ಹಿಡಿದು ಬಂದ.

ಅವನು ನಿಲ್ಲುವ ಭಂಗಿ ಅವಳಿಗೆ ಗೊತ್ತಿತ್ತು. ಬಸ್ಸಿಗಾಗಿ ಕಾಯುವಾಗಲೂ ಹಾಗೇ, ಎಡಹಿಮ್ಮಡಿ ಎತ್ತಿಕೊಂಡು. "ಹೊಡಿಯೋ ಸೊಳ್ಳೆ ಬ್ಯಾಟೂ!" ಎಂದು ಕೂಗಬೇಕೆಂದಿದ್ದಳು. ಸ್ವರ ಬರಲಿಲ್ಲ.

ಚೆಂಡು ಬ್ಯಾಟಿಗೆ ತಾಗಿದ ಸದ್ದಿಗೇ ಎಲ್ಲರೂ ಎದ್ದರು. ಗಾಳಿ ಅದನ್ನು ಎತ್ತಿಕೊಂಡು ಬಂತು. ಅವಳ ಮುಂದಿನ ಹಸಿರು ಕಂಬಿಗೆ ಠಣ್ ಎಂದು ಬಡಿದು, ಪಕ್ಕದವನ ಬಿಯರ್ ಚೆಲ್ಲಿ, ನೇರ ಅವಳ ಮಡಿಲಿಗೆ ಬಿತ್ತು. ಕೆಳಗೆ ಟ್ಯಾನರ್ ಎರಡೂ ಕೈ ಮೇಲೆತ್ತಿ ಓಡುತ್ತಿದ್ದ. ಬಸ್ಸಿನಿಂದ ಇಳಿದು ಮನೆಗೆ ಓಡುತ್ತಿದ್ದ ಹಾಗೆಯೇ.

"ಎಸಿ ವಾಪಸ್! ಎಸಿ ವಾಪಸ್!" ಬೆಂಚಿಗೆ ಬೆಂಚೇ ಕಾಲಿನಲ್ಲಿ ತಾಳ ಹಾಕತೊಡಗಿತು. ಪೀಕಿನ್ನಿನವರ ಕೂಗೇ ಎಲ್ಲಕ್ಕಿಂತ ಜೋರು. "ವಾಂಡಾ! ವಾಂಡಾ! ತೋರ್ಸು ಅವರಿಗೆ!"

ವಾಂಡಾ ಮಡಿಲ ಮೇಲೆ ಬಗ್ಗಿದಳು. ಚೆಂಡಿನ ಮೈಗೆ ಕಂಬಿಯ ಹಸಿರು ಬಣ್ಣದ ಒಂದು ಗೀರು ಹತ್ತಿತ್ತು. ಹಾರ್ಲನ್ "ಎರಡ್ನೇ ಸಲ ಬರಲ್ಲ" ಎಂದದ್ದು ನೆನಪಾಯಿತು, ನೆನಪಾದದ್ದಕ್ಕೆ ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎಡಗೈ ಚೆಂಡನ್ನು ಎಡಜೇಬಿಗೆ ಇಳಿಸಿತು, ಬಲಗೈ ಬಲಜೇಬಿಗೆ ಹೋಯಿತು. ಎದ್ದು ನಿಂತು, ಹರೆಯದಲ್ಲಿ ಸಾಫ್ಟ್‌ಬಾಲ್ ಆಡಿದ ತೋಳನ್ನು ಬೀಸಿ, ನಾಯಿಗೆಂದು ಇಟ್ಟ ಚೆಂಡನ್ನು ಮೈದಾನದೊಳಕ್ಕೆ ಎಸೆದಳು.

ಆ ಗದ್ದಲ! ಟೀವಿಯವರ ಕ್ಯಾಮೆರಾ ಅವಳ ಮುಖದ ಮೇಲೇ ನಿಂತಿತು. ಮುಖ ಸಿಟ್ಟಿನಿಂದ ಕೆಂಪಾಗಿತ್ತು, ಯಾರ ಮೇಲೆ ಎಂದು ಕ್ಯಾಮೆರಾಕ್ಕೆ ಹೇಗೆ ಗೊತ್ತಾಗಬೇಕು? ಕಬ್ಸ್ ಆಟಗಾರನೊಬ್ಬ ಬಗ್ಗಿ ಹುಲ್ಲಿನ ಮೇಲಿನ ಆ ಚೆಂಡನ್ನು ಎತ್ತಿಕೊಂಡದ್ದನ್ನು ಅವಳು ನೋಡಲಿಲ್ಲ. ನೋಡಿದ್ದರೆ ಮುಂದಿನ ರಾಮಾಯಣವೇ ಇರುತ್ತಿರಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಎಲ್ಲರೂ ಅವಳ ಬೆನ್ನು ತಟ್ಟಿದರು. "ಹಾರ್ಲನ್ ಮೊಮ್ಮಗ ಅಂತನೂ ನೋಡ್ಲಿಲ್ಲ ಕಣ್ರೋ! ವಾಂಡಾ ಅಂದ್ರೆ ವಾಂಡಾ!" ಅವಳು ಸ್ಟೀರಿಂಗ್ ಹಿಡಿದು ರಸ್ತೆ ನೋಡುತ್ತಿದ್ದಳು. ಪಾಂಟಿಯಾಕ್‌ನ ಪೆಟ್ರೋಲ್ ಬಂಕು ಬಂದಾಗ ಬಸ್ಸಿನ ವೇಗ ತಾನಾಗಿಯೇ ಹೆಚ್ಚಾಯಿತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ! ಆದರೂ ಒಳಗೊಳಗೆ ಒಂದು ಸಂತೋಷ. ಬೆಳಿಗ್ಗೆ ಹೋಗಿ ಆ ಮುದಿಗೂಬೆಯ ಕೈಗೆ ಚೆಂಡನ್ನು ಇಡುವುದು, ಅವನ ಬಾಯಿ ಕಟ್ಟಿಹೋಗುವುದು, ಆಮೇಲೆ ಹೊಟ್ಟೆ ತುಂಬ ಬೈಯುವುದು. ಗುಟ್ಟು ಇಬ್ಬರ ನಡುವೆಯೇ ಇರಲಿ.

ಬೆಳಿಗ್ಗೆ ರಸ್ತೆ ದಾಟಿ ಮೆಟ್ಟಿಲು ಹತ್ತಿದಳು. ಹಾರ್ಲನ್ ಜಾಲರಿ ಬಾಗಿಲಿನ ಆಚೆ ನಿಂತಿದ್ದ. ಚಿಲಕ ತೆಗೆಯಲಿಲ್ಲ.

"ಇಳಿ," ಎಂದ.

"ಮೊದ್ಲು ಬಾಗಿಲು ತೆಗಿಯೋ. ಒಳಗೆ ಬಂದು ಒಂದು ಮಾತು—"

"ಇಳಿ ಅಂದ್ನಲ್ಲ! ನೋಡ್ದೆ ನಾನು. ಊರೆಲ್ಲ ನೋಡ್ತು. ಸತ್ತ ಇಲೀನ ಬಿಸಾಕ್ದಂಗೆ ಬಿಸಾಕಿದೆಯಲ್ಲೇ ನನ್ನ ಮಗೂದನ್ನ! ಎಂಟು ವರ್ಷ ನಿನ್ನ ಬೆನ್ನ ಹಿಂದೆ ಕೂತಿದ್ದ ಹುಡುಗ ಕಣೇ ಅವನು. ಚಳಿಗಾಲದಲ್ಲಿ ನಿನ್ನ ಕೈಗವಸು ಕೊಟ್ಟು ಕಳಿಸಿದ್ದೆಯಲ್ಲ, ಅದೇ ಹುಡುಗ. ನಿನಗೊಂದು ಕರುಳು ಅನ್ನೋದಿದ್ಯಾ?"

"ಲೋ ಹಾರ್ಲನ್, ನಾನು ಹೇಳೋದು ಕೇಳು—"

"ಕಲ್ಲು ಕಣೇ ನೀನು. ಗಂಡ ಬಿಟ್ಟು ಹೋಗಿದ್ದು ಸುಮ್ನೇ ಅಲ್ಲ."

ಆ ಮಾತು ಆಡಬಾರದಿತ್ತು. ಪಕ್ಕದ ಮನೆಯವರು ನಾಯಿ ಹಿಡಿದು ನಿಂತು ಕೇಳುತ್ತಿದ್ದರು, ಎರಡು ಮನೆಯಾಚೆ ಬಸ್ಸಿನಲ್ಲಿ ಬೆನ್ನು ತಟ್ಟಿದವನೊಬ್ಬ ಕಾರು ತೊಳೆಯುತ್ತಿದ್ದ. ಅವರ ಮುಂದೆ ಚೆಂಡು ತೆಗೆಯುವುದು ಹೇಗೆ? ವಾಂಡಾಳ ಕೈ ಜೇಬಿನಲ್ಲೇ ಮುಷ್ಟಿಯಾಯಿತು.

"ನಿನ್ನ ಸೊಂಟದ ಜೊತೆ ನಾಲಿಗೇನೂ ಬದಲಾಯಿಸಬೇಕಿತ್ತು ಡಾಕ್ಟ್ರು," ಎಂದಳು. "ಬಿದ್ದು ಸಾಯಿ. ಇನ್ನು ನೀನೇ ನನ್ನ ಬಾಗಿಲಿಗೆ ಬಂದು ಕೇಳಬೇಕು, ಆಗ ನೋಡೋಣ." ಏನನ್ನು ಕೇಳಬೇಕೆಂದು ಅವನಿಗೆ ಅರ್ಥವಾಗಲಿಲ್ಲ. ಹೇಗೆ ಆಗುತ್ತದೆ?

ಮನೆಗೆ ಬಂದು ಚೆಂಡನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಅದಕ್ಕೇ ಬೈದಳು. ನಾಯಿ ಅದನ್ನು ಮೂಸಲು ಬಂದಾಗ ನಾಯಿಗೂ ಬೈದಳು.

ಸೋಮವಾರ ಆಟವಿರಲಿಲ್ಲ. ಮಧ್ಯಾಹ್ನ ಎದುರುಮನೆಯ ಮುಂದೆ ಸೇಂಟ್ ಲೂಯಿಯ ಕಾರೊಂದು ನಿಂತದ್ದನ್ನು ವಾಂಡಾ ಕಿಟಕಿಯಿಂದ ಕಂಡಳು. ಟ್ಯಾನರ್! ಆ ಮುದುಕ ಬೇಡ, ಹುಡುಗನ ಕೈಗೇ ಕೊಟ್ಟುಬಿಡುತ್ತೇನೆ, ಅವನದೇ ತಾನೇ ವಸ್ತು ಎಂದುಕೊಂಡು ಕೋಟು ಹಾಕಿ, ಚೆಂಡನ್ನು ಎಡಜೇಬಿಗಿಟ್ಟುಕೊಂಡು ಹೊರಗೆ ಬಂದಳು. ಅವಳು ಗೇಟು ದಾಟುವಷ್ಟರಲ್ಲಿ ಅವನು ತಾತನ ಮನೆಯಿಂದ ಇಳಿದು ಬರುತ್ತಿದ್ದ. ಅವಳನ್ನು ಕಂಡದ್ದೇ ರಸ್ತೆಯ ನಡುವೆ ಓಡಿಬಂದು ತಬ್ಬಿಕೊಂಡ.

"ವಾಂಡಾ ಆಂಟೀ! ಏನ್ ಎಸೆದ್ರಿ ನೀವು! ನಿಮ್ಮ ಕಬ್ಸ್‌ನವ್ನೇ ಎತ್ತಿ ನಮ್ಮ ಕಡೆ ಕೊಟ್ಟ, ಮೊದಲ್ನೇದು ಅಂತ ಅವ್ನಿಗೂ ಗೊತ್ತಿತ್ತು. ನೀವು ಇಟ್ಕೊಂಡಿದ್ರೆ ನನಗೆ ಸಿಗ್ತಾನೇ ಇರ್ಲಿಲ್ಲ. ಈಗ ತಾತಂಗೆ ಕೊಟ್ಟು ಬಂದೆ. ಅಳ್ತಾ ಕೂತಿದಾರೆ ಆಂಟಿ. ನಮ್ಮ ತಾತ! ಅವರು ಅತ್ತಿದ್ದು ನಾನ್ ನೋಡೇ ಇರ್ಲಿಲ್ಲ."

ವಾಂಡಾಳ ಬಾಯಿ ತೆರೆದಿತ್ತು. ಮೂವತ್ತು ವರ್ಷ ಮಕ್ಕಳ ಮೇಲೆ ಕಿರುಚಿದ ಬಾಯಿ.

"ಯಾಕೆ ಆಂಟಿ, ಸುಮ್ನಿದೀರ? ಬೈರಿ ಒಂದ್ಸಲ."

"ಟೋಪಿ ಸರಿಯಾಗಿ ಹಾಕ್ಕೊಳೋ ಪೀಡೆ," ಎಂದಳು. ಅವನು ನಗುತ್ತಾ ಕಾರು ಹತ್ತಿ ಹೋದ.

ಮಾರನೆಯ ದಿನ ಹೊರಗೆ ಧೋ ಎಂದು ಮಳೆ. ಡಾರ್ಲೀನಳ ಅಂಗಡಿ ಭರ್ತಿ. ವಾಂಡಾ ಕೋಟು ಬಿಚ್ಚಲಿಲ್ಲ. ಎಡಜೇಬಿನಲ್ಲಿ ಚೆಂಡು ಇದ್ದೇ ಇತ್ತು, ಮನೆಯಲ್ಲಿಟ್ಟು ಬರಲು ಧೈರ್ಯವಿರಲಿಲ್ಲ, ತಂದು ಏನು ಮಾಡಬೇಕೆಂದೂ ತಿಳಿದಿರಲಿಲ್ಲ. ಅಷ್ಟರಲ್ಲಿ ಹಾರ್ಲನ್ ಊರುಗೋಲು ಊರಿಕೊಂಡು ಒಳಬಂದ. ಗೋಡೆ ಪಕ್ಕಕ್ಕೆ ಹೋಗಲಿಲ್ಲ. ನಡುವಿನ ದಾರಿ ದಾಟಿ, ಹುಟ್ಟಿದಾಗಿನಿಂದ ಕೂತಿರದ ಕಿಟಕಿ ಪಕ್ಕಕ್ಕೆ ಬಂದು, ಅವಳ ಮೇಜಿನ ಮೇಲೆ ಗಾಜಿನಂಥ ಪೆಟ್ಟಿಗೆಯೊಂದನ್ನು ಇಟ್ಟ. ಒಳಗೆ ಚೆಂಡು. ಅದರ ಮೇಲೆ ನೀಲಿ ಶಾಯಿಯಲ್ಲಿ: ತಾತನಿಗೆ, ನನ್ನ ಮೊದಲನೆಯದು.

"ಆವತ್ತು ಬಾಗಿಲಲ್ಲಿ ಆಡಬಾರದ್ದು ಆಡ್ದೆ," ಎಂದ ಎಲ್ಲರಿಗೂ ಕೇಳುವ ಹಾಗೆ. "ನೀನು ಎಸೆದಿದ್ದಕ್ಕೇ ಇದು ಮನೆಗೆ ಬಂತು ಕಣೇ. ಡೂಪ್ಲಿಕೇಟ್ ಆಸಾಮಿ ಕೈಗೆ ಏನಾದ್ರೂ ಸಿಕ್ಕಿದ್ರೆ ನನ್ನ ಟ್ಯಾನರ್ ಚೆಂಡು ಇಷ್ಟೊ‌ತ್ತಿಗೆ ಎಲ್ಲಿರ್ತಿತ್ತೋ! ನೀನು ಹಟಮಾರಿ, ಬಾಯಿಬಡುಕಿ, ಆದ್ರೆ ಸುಳ್ಳು ಅನ್ನೋದು ನಿನ್ನ ಹತ್ರ ಸುಳಿಯಲ್ಲ."

ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು.

"ನೋಡು, ನೋಡು," ಎಂದು ಹಾರ್ಲನ್ ಪೆಟ್ಟಿಗೆ ತಿರುಗಿಸಿ ತೋರಿಸಿದ. "ಟೀವೀಲಿ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಕಂಬಿಗೆ ಠಣ್ ಅಂತ ಬಡೀತು. ಆದ್ರೂ ಒಂದು ಗೀರಿಲ್ಲ!"

ಮೂಲೆಯಿಂದ ಲೈಲ್ ಎದ್ದುಬಂದ. ಕನ್ನಡಕ ಏರಿಸಿ ಬಗ್ಗಿ ನೋಡಿದ.

"ಗೀರಿಲ್ಲ ಅಂದ್ರೆ ಹೆಂಗೆ ಹಾರ್ಲನ್?" ಎಂದ ನಿಧಾನವಾಗಿ. "ಚಳಿಗಾಲದಲ್ಲಿ ಬಣ್ಣ ಬಳಿದಿರೋ ಕಂಬಿ ಅದು. ಅಷ್ಟು ಜೋರಾಗಿ ಬಡಿದ್ಮೇಲೆ ಹಸಿರು ಹತ್ತಲೇಬೇಕು. ನಂದಕ್ಕೆ ಹತ್ತಿತ್ತು. ಇದು..." ಅಲ್ಲಿಗೆ ನಿಲ್ಲಿಸಿದ.

"ಇದು ಏನು?" ಎಂದ ಹಾರ್ಲನ್. ಹಾರ್ಲನ್ ಪೆಟ್ಟಿಗೆಯನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ, ಮತ್ತೆ ಹತ್ತಿರ ತಂದ. ಅವನ ಮುಖದಿಂದ ಬಣ್ಣ ಇಳಿಯುವುದನ್ನು ವಾಂಡಾ ನೋಡಿದಳು. "ಹುಡುಗ ಇದಕ್ಕೆ ಮುತ್ತು ಕೊಟ್ಟಿದಾನೆ ಕಣೋ," ಎಂದ, ಯಾರಿಗೆ ಎಂದು ತಿಳಿಯಲಿಲ್ಲ. ಆಮೇಲೆ ಅವಳ ಕಡೆ ತಿರುಗಿದ. "ವಾಂಡಾ ಹೇಳ್ಲಿ. ಅವಳು ಹೇಳಿದ್ರೆ ಮುಗೀತು. ನೀನು ಎಸೆದಿದ್ದು ಇದೇ ಚೆಂಡು ತಾನೇ? ಅವನು ಹೊಡೆದಿದ್ದೇ ತಾನೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ವಾಂಡಾಳ ಕೈ ತಾನಾಗಿಯೇ ಎಡಜೇಬಿಗೆ ಹೋಯಿತು. ಹೆಬ್ಬೆರಳಿಗೆ ಆ ಗೀರು ಸಿಕ್ಕಿತು. ತೆಗೆದು ಮೇಜಿನ ಮೇಲೆ ಇಟ್ಟರೆ ಸಾಕು, ಅಸಲಿ ಅವನದಾಗುತ್ತದೆ. ಆಮೇಲೆ? ಹುಡುಗ ಬರೆದ ಅಕ್ಷರ, ಇಟ್ಟ ಮುತ್ತು, ಮುದುಕನ ಕಣ್ಣೀರು, ಎಲ್ಲ ನಾಯಿಯ ಚೆಂಡಿಗೆ ಆದದ್ದು ಎಂದು ಇಡೀ ಊರು ನಗುತ್ತದೆ. ಅವಳ ಮೇಲೆ ನಗಲಿ, ಹಾಳಾಗಿ ಹೋಗಲಿ. ಟ್ಯಾನರ್ ಮೇಲೆ ನಗುತ್ತಾರೆ.

ಅವಳು ಕುರ್ಚಿಯನ್ನು ಹಿಂದಕ್ಕೆ ಒದ್ದು ಎದ್ದಳು.

"ಏನಂದೆ?" ಸ್ವರ ಇನ್ನೂ ಒಡೆದೇ ಇತ್ತು, ಅದರಲ್ಲೇ ಅಂಗಡಿಯ ಗಾಜು ನಡುಗಿತು. "ನನ್ನ ಕೇಳ್ತೀಯಾ? ನಾನು ಡೂಪ್ಲಿಕೇಟ್ ಎಸೀತೀನಾ? ನಾನು! ಯಾರ ಮಾತು ಕೇಳಿ ಯಾರನ್ನ ಕೇಳ್ತಿದೀಯೋ? ಈ ಕಳ್ಳನ ಮಾತು ಕೇಳಿ?" ಬೆರಳು ಲೈಲ್‌ನ ಮುಖಕ್ಕೆ ನೆಟ್ಟಿತು. "ತಾನು ಕಳ್ಳ, ಪರರ ನಂಬ ಅಂತ! ಜೇಬಲ್ಲಿ ನಕಲಿ ಇಟ್ಕೊಂಡು ತಿರುಗೋನಿಗೆ ಲೋಕವೆಲ್ಲ ನಕಲಿಯಾಗಿ ಕಾಣತ್ತೆ. ನೀನು ಹಿಡಿದಿದ್ದು ಯಾವ ಕಾಲದ ಕಂಬಿ, ಯಾವ ಕಾಲದ ಬಣ್ಣ! ಆ ಚೆಂಡು ಟ್ಯಾನರ್‌ದು. ಅಲ್ಲ ಅಂದೋನ ಹಲ್ಲು ಉದುರಿಸ್ತೀನಿ!"

ಲೈಲ್ ಅವಳನ್ನು ನೋಡಿದ. ಬೆರಳನ್ನಲ್ಲ, ಮುಖವನ್ನೂ ಅಲ್ಲ. ಕೋಟಿನ ಎಡಜೇಬನ್ನು. ಅಲ್ಲಿ ಮುಷ್ಟಿಗಿಂತ ದೊಡ್ಡದಾದ ಒಂದು ಉಬ್ಬು ಇತ್ತು. ಅಂಥ ಉಬ್ಬನ್ನು ಹೊತ್ತು ಬಸ್ಸಿನಲ್ಲಿ ಕೂತಿದ್ದವನಿಗಿಂತ ಚೆನ್ನಾಗಿ ಅದನ್ನು ಗುರುತಿಸುವವರು ಯಾರಿದ್ದಾರೆ? ವಾಂಡಾಳಿಗೆ ಅವನು ಕಂಡುಹಿಡಿದದ್ದು ಗೊತ್ತಾಯಿತು. ಬೆರಳು ಇನ್ನೂ ಅವನ ಮುಖದ ಮುಂದೆಯೇ ಇತ್ತು, ಇಳಿಸಲು ಬರಲಿಲ್ಲ. ಒಂದೇ ಒಂದು ಮಾತು ಸಾಕಿತ್ತು ಅವನಿಗೆ. ಅಷ್ಟು ವರ್ಷದ ಅವಮಾನ ಬಡ್ಡಿ ಸಮೇತ ತೀರುತ್ತಿತ್ತು.

ಲೈಲ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

"ಅವಳು ಹೇಳೋದೇ ಸರಿ ಹಾರ್ಲನ್," ಎಂದ. "ನಾನು ಹಿಡಿದಿದ್ದು ಬಲಮೂಲೇಲಿ. ಅಲ್ಲಿ ಕಂಬಿ ಬೇರೆ. ನನ್ನ ಕಣ್ಣೂ ಮೊದಲಿನಂಗಿಲ್ಲ. ಇದು ಅಸಲಿನೇ."

"ಡೂಪ್ಲಿಕೇಟ್ ಲೈಲ್!" ಎಂದು ಯಾರೋ ಕೂಗಿದರು. ಅಂಗಡಿಯೆಲ್ಲ ನಕ್ಕಿತು. ಹಾರ್ಲನ್ ಎಲ್ಲರಿಗಿಂತ ಜೋರಾಗಿ ನಕ್ಕು, ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು, ಗೋಡೆ ಪಕ್ಕಕ್ಕೆ ಹೋಗಿ ಕೂತ. "ಹನ್ನೆರಡರಲ್ಲಿ ಒಂಬತ್ತಲ್ಲ, ಈಗ ಹದಿನೈದರಲ್ಲಿ ಹನ್ನೆರಡು ಸೋತ್ರಿ ಕಣೇ ವಾಂಡಾ!" ಎಂದು ಅಲ್ಲಿಂದ ಕೂಗಿದ. "ಏಪ್ರಿಲ್ ಲೆಕ್ಕಕ್ಕಿದ್ಯೋ ಇಲ್ವೋ ಈಗ ಹೇಳು!" ವಾಂಡಾ ಬಾಗಿಲಿನ ಕಡೆ ನೋಡಿದಳು. ಲೈಲ್ ಟೋಪಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಡಾರ್ಲೀನ್ ಜಗ್ ಹಿಡಿದು ನಿಂತಲ್ಲೇ ಅಣ್ಣನ ಬೆನ್ನನ್ನು ನೋಡುತ್ತಿದ್ದಳು. ಅವಳೊಬ್ಬಳು ನಕ್ಕಿರಲಿಲ್ಲ.

ಹೊರಗೆ ಮಳೆ ಇನ್ನೂ ಹೊಡೆಯುತ್ತಿತ್ತು. ಲೈಲ್ ಕಾಲರ್ ಎತ್ತಿಕೊಂಡು ನಡೆದೇ ಹೊರಟಿದ್ದ. ವಾಂಡಾ ಟ್ರಕ್ಕನ್ನು ಅವನ ಪಕ್ಕಕ್ಕೆ ತಂದು ಕಿಟಕಿ ಇಳಿಸಿದಳು. ಅವನು ನಡೆಯುತ್ತಲೇ ಇದ್ದ, ಟ್ರಕ್ಕು ಜೊತೆಜೊತೆಗೆ ತೆವಳಿತು.

"ಪಾಂಟಿಯಾಕ್‌ನಲ್ಲೂ ಆವತ್ತು ಮಳೆ ಬರ್ತಿತ್ತು," ಎಂದ ಲೈಲ್, ಅವಳ ಕಡೆ ನೋಡದೆ.

ವಾಂಡಾಳಿಗೆ ಸಿಟ್ಟು ಉಕ್ಕಿ ಬಂತು. ಅವನ ಮೇಲೆ, ಮಳೆಯ ಮೇಲೆ, ಕಬ್ಸ್‌ನ ಮೇಲೆ, ತನ್ನ ಬಾಯಿಯ ಮೇಲೆ. ಬೈಯಲು ಒಂದೇ ಒಂದು ಮಾತು ಹೊಳೆಯಲಿಲ್ಲ. ಬ್ರೇಕ್ ಒತ್ತಿ ಆಚೆ ಬದಿಯ ಬಾಗಿಲನ್ನು ತಳ್ಳಿ ತೆರೆದಳು.

"ಹತ್ತು," ಎಂದಳು.

ಲೈಲ್ ಹತ್ತಿ, ಒದ್ದೆ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ವಾಂಡಾ ಎಡಜೇಬಿನಿಂದ ಚೆಂಡನ್ನು ತೆಗೆದು, ಅವನ ಮುಖ ನೋಡದೆ, ಆ ಟೋಪಿಯೊಳಕ್ಕೆ ಹಾಕಿದಳು. ಅವನು ಅದನ್ನು ತಿರುಗಿಸಿ ಹಸಿರು ಗೀರನ್ನು ಬೆರಳಲ್ಲಿ ಸವರಿದ.

"ಇಳಿಸಲ್ಲ ತಾನೇ?" ಎಂದು ಕೇಳಿದ.

"ಬೆಲ್ಟ್ ಹಾಕ್ಕೋ," ಎಂದು ವಾಂಡಾ ಗದರಿದಳು, ಅವನನ್ನು ಮನೆಯ ಬಾಗಿಲ ತನಕ ಬಿಟ್ಟಳು.